ಒಂದೇ ಕಾಲು ಊದಿಕೊಂಡರೆ ಎಣ್ಣೆ ತಿಕ್ಕಬೇಡಿ

ಒಂದು ಕಾಲು ಮಾತ್ರ ಊದಿಕೊಂಡು ಮೀನಖಂಡ ಬಿಸಿಯಾಗಿ ನೋಯತೊಡಗಿದರೆ ನಮ್ಮ ಮನೆಗಳಲ್ಲಿ ಮೊದಲು ಮಾಡುವುದು ಎಣ್ಣೆ ಬಿಸಿ ಮಾಡಿ ತಿಕ್ಕುವ ಕೆಲಸ. ಕಡಿಮೆಯಾಗದಿದ್ದರೆ ಹಿಜಾಮಾಕ್ಕೆಂದು ನನ್ನಂಥ ಯುನಾನಿ ವೈದ್ಯರ ಬಳಿ ಬರುತ್ತಾರೆ. ‘ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿದೆಯೇ?’ ಎಂದು ಕೇಳಿದರೆ ಅವರಿಗೆ ಆಶ್ಚರ್ಯ. ಕಾಲಿಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಹಳೆಯದು. ಪ್ಯಾರಿಸ್‌ನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ಇದನ್ನು ತಮ್ಮ ಉಪನ್ಯಾಸದಲ್ಲಿ ವಿವರಿಸಿದ್ದರು. ಎರಡು ವರ್ಷಗಳ ನಂತರ ತಮ್ಮದೇ ರಕ್ತನಾಳದಲ್ಲಿ ಹೆಪ್ಪು ಕಾಣಿಸಿಕೊಂಡಾಗ ತಮ್ಮ ಕಾಯಿಲೆ ಯಾವುದೆಂದು ಅವರಿಗೆ ಗೊತ್ತಾಯಿತು. ಅದೇ ವರ್ಷ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಗಾಯವಾದಾಗ ರಕ್ತ ಹೆಪ್ಪುಗಟ್ಟಿಸಲು ದೇಹ ಬಳಸುವ ವಸ್ತುಗಳನ್ನು ಹಲವು ಬಗೆಯ ಕ್ಯಾನ್ಸರ್ ಕೋಶಗಳು ಗಾಯವಿಲ್ಲದೆಯೇ ಹೊರಬಿಡುತ್ತವೆ. ಮೇದೋಜೀರಕ ಗ್ರಂಥಿ, ಜಠರ, ಶ್ವಾಸಕೋಶ, ಅಂಡಾಶಯ, ಮೆದುಳಿನ ಕ್ಯಾನ್ಸರ್‌ಗಳಲ್ಲಿ ಈ ಅಪಾಯ ಹೆಚ್ಚು. ಕೀಮೋಥೆರಪಿ, ಶಸ್ತ್ರಚಿಕಿತ್ಸೆ, ದಿನಗಟ್ಟಲೆ ಹಾಸಿಗೆಯಲ್ಲಿರುವುದು ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ. ರಕ್ತದ ಕ್ಯಾನ್ಸರ್‌ನಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುವುದೂ ಉಂಟು. ಹಾಗೆಂದು ಹೆಪ್ಪು ಕಂಡವರಿಗೆಲ್ಲ ಕ್ಯಾನ್ಸರ್ ಇದೆ ಎಂದು ಹೆದರಬೇಡಿ. ಹೆರಿಗೆಯ ನಂತರ, ಕಾಲಿಗೆ ಪ್ಲಾಸ್ಟರ್ ಹಾಕಿದಾಗ, ದೀರ್ಘ ಪ್ರಯಾಣದ ಬಳಿಕವೂ ಹೆಪ್ಪು ಆಗುತ್ತದೆ.

ತಿಕ್ಕಬೇಡಿ ಎನ್ನುವುದೇಕೆಂದರೆ, ಹೆಪ್ಪಿನ ತುಂಡು ಕಳಚಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಬಹುದು. ಇದ್ದಕ್ಕಿದ್ದಂತೆ ಉಸಿರುಕಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಕಾಲು ಊದಿದ್ದರೆ ಅಂದೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಇದಕ್ಕೆ ನಮ್ಮ ಪದ್ಧತಿಯಲ್ಲೇ ಮದ್ದು ಕೊಡುತ್ತೇನೆ ಎನ್ನುವ ಧೈರ್ಯ ನನಗಿಲ್ಲ.

ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ಹೊಟ್ಟೆಯ ಚರ್ಮದಡಿಗೆ ಕೊಡುವ ಹೆಪಾರಿನ್ ಬಗೆಯ ಚುಚ್ಚುಮದ್ದುಗಳನ್ನು ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಇದು ತಿಳಿದ ಮೇಲೆ ಯಾರಿಗೂ ಹೇಳದೆ ಚುಚ್ಚುಮದ್ದು ನಿಲ್ಲಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಾಂಡಾಪಾರಿನಕ್ಸ್ ಎಂಬ ಚುಚ್ಚುಮದ್ದು ಪೂರ್ತಿ ರಾಸಾಯನಿಕವಾಗಿ ತಯಾರಾದದ್ದು. ಎಪಿಕ್ಸಾಬಾನ್, ರಿವರೋಕ್ಸಾಬಾನ್ ಮಾತ್ರೆಗಳ ಔಷಧವೂ ಹಾಗೆಯೇ. ಇವು ನಿಮಗೆ ಆಗುತ್ತವೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಜಠರ, ಕರುಳಿನ ಕ್ಯಾನ್ಸರ್ ಇರುವವರಲ್ಲಿ ಈ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದಾದ್ದರಿಂದ ವೈದ್ಯರು ಹೆಪಾರಿನ್ ಅನ್ನೇ ಆರಿಸಿಕೊಳ್ಳಬಹುದು. ಬೇರೆ ದಾರಿಯಿಲ್ಲದೆ ಪ್ರಾಣಕ್ಕೆ ಅಪಾಯವಿರುವಾಗ ಶರೀಅತ್ ನೀಡಿರುವ ರಿಯಾಯಿತಿಯನ್ನು ನಿಮ್ಮ ಆಲಿಮರು ವಿವರಿಸುತ್ತಾರೆ. ಅವರನ್ನು ಕೇಳುವವರೆಗೂ ಒಂದು ಡೋಸನ್ನೂ ತಪ್ಪಿಸಬೇಡಿ.

ರಕ್ತ ತೆಳುವಾಗುವ ಔಷಧ ನಡೆಯುತ್ತಿರುವಾಗ ರಕ್ತ ತೆಗೆಯುವ ಹಿಜಾಮಾ ಬೇಡ, ಜಿಗಣೆ ಚಿಕಿತ್ಸೆಯೂ ಬೇಡ. ಜಿಗಣೆಯ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಇರುವುದರಿಂದ ಕಚ್ಚಿದ ಜಾಗದ ರಕ್ತ ನಿಲ್ಲುವುದು ಕಷ್ಟವಾಗುತ್ತದೆ. ನೋವಿಗೆಂದು ಮೆಡಿಕಲ್‌ನಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ. ಬೆಳ್ಳುಳ್ಳಿ ಕ್ಯಾಪ್ಸೂಲ್, ಹಕೀಮರು ಕೊಟ್ಟ ಪುಡಿ, ಮಾಜೂನು ಏನೇ ಸೇವಿಸುತ್ತಿದ್ದರೂ ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ದಿನಕ್ಕೆರಡು ಬಾರಿ ಮಾತ್ರೆ ಇರುವವರು ರಂಝಾನ್‌ಗೆ ಕೆಲವು ವಾರ ಮೊದಲೇ ಅವರನ್ನು ಕಂಡು ಮಾತಾಡಿ. ಸಹರಿ, ಇಫ್ತಾರ್‌ಗೆ ಹೊತ್ತು ಹೊಂದಿಸಬಹುದೇ, ಉಪವಾಸವನ್ನೇ ಈ ವರ್ಷ ಬಿಡಬೇಕೇ ಎಂಬುದನ್ನು ಅವರು ನಿಮ್ಮ ಸ್ಥಿತಿ ನೋಡಿ ಹೇಳುತ್ತಾರೆ.