ಬರಡುನಾಡಿನ ಗಿರಿದ್ವೀಪ

ಮರುಭೂಮಿ ಎಂದೊಡನೆ ಮನಸ್ಸಿನಲ್ಲಿ ಮೂಡುವುದು ಕೊನೆಮೊದಲಿಲ್ಲದ ಮರಳು, ಸುಡುವ ಬಿಸಿಲು, ನೆರಳಿಲ್ಲದ ದಾರಿ. ಆದರೆ ಎಲ್ಲ ಮರುಭೂಮಿಗಳೂ ಮರಳಿನ ರಾಶಿಗಳಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ಅಂಚಿನಿಂದ ಮೆಕ್ಸಿಕೋ ದೇಶದೊಳಕ್ಕೆ ಹಬ್ಬಿರುವ ಚಿವಾವಾ ಮರುಭೂಮಿಯು ಬಹುಮಟ್ಟಿಗೆ ಕಲ್ಲುನೆಲ, ಕುರುಚಲು ಗಿಡ ಮತ್ತು ಪಾಪಾಸುಕಳ್ಳಿಗಳ ನಾಡು. ಟೆಕ್ಸಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಈ ಬಯಲನ್ನು ಹಾದುಹೋಗುವ ಪ್ರಯಾಣಿಕನಿಗೆ ದೂರದಲ್ಲಿ ನೀಲಿ ಗೆರೆಯೊಂದು ಕಾಣಿಸುತ್ತದೆ. ಹತ್ತಿರವಾದಂತೆಲ್ಲ ಆ ಗೆರೆ ಬೆಟ್ಟಗಳ ಸಾಲಾಗಿ ಬೆಳೆದು ನಿಲ್ಲುತ್ತದೆ. ಇವೇ ಡೇವಿಸ್ ಪರ್ವತಗಳು. ಇವುಗಳ ನಡುವೆ ಸುಮಾರು 2,700 ಎಕರೆ ವಿಸ್ತಾರದ ರಾಜ್ಯೋದ್ಯಾನವೊಂದಿದೆ. ರಾಜ್ಯ ಸರಕಾರವು ಸಾರ್ವಜನಿಕರಿಗಾಗಿ ಕಾಯ್ದಿರಿಸಿದ ಈ ತಾಣದಲ್ಲಿ ಗುಡಾರ ಹೂಡಿ ಒಂದೆರಡು ರಾತ್ರಿ ತಂಗಲು ದೂರದೂರದಿಂದ ಜನರು ಬರುತ್ತಾರೆ.

ಈ ಬೆಟ್ಟಗಳು ಬೆಂಕಿಯಿಂದ ಹುಟ್ಟಿದವು. ಸುಮಾರು ಮೂರೂವರೆ ಕೋಟಿ ವರ್ಷಗಳ ಹಿಂದೆ ಇಲ್ಲಿ ಜ್ವಾಲಾಮುಖಿಗಳು ಉಕ್ಕಿ ಹರಿದುವು. ಆರಿ ಗಟ್ಟಿಯಾದ ಶಿಲಾರಸವೇ ಇಂದಿನ ಬಂಡೆಗಳು. ಪರ್ವತಶ್ರೇಣಿಯ ಅತಿ ಎತ್ತರದ ಶಿಖರವಾದ ಲಿವರ್ಮೋರ್ ಉದ್ಯಾನದ ಹೊರಗಿದೆ. ಅದರ ಎತ್ತರ 8,300 ಅಡಿಗಳನ್ನು ಮೀರುತ್ತದೆ. ಉದ್ಯಾನವಾದರೋ ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿದೆ.

ಈ ಎತ್ತರವೇ ಇಲ್ಲಿನ ಹಸುರಿಗೆ ಕಾರಣ. ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ತಣಿದ ಗಾಳಿಯಲ್ಲಿರುವ ಆವಿ ಮೋಡವಾಗಿ ಮಳೆ ಸುರಿಸುತ್ತದೆ. ಸಹ್ಯಾದ್ರಿಯ ನೆತ್ತಿಯ ಮೇಲೆ ಮುಂಗಾರು ಸುರಿಯುವುದಕ್ಕೂ ಇದೇ ನಿಯಮವೇ ಕಾರಣ. ಆದರೆ ಇಲ್ಲಿ ಬೀಳುವ ಮಳೆ ಬಹಳ ಸ್ವಲ್ಪ. ಬೆಟ್ಟದ ತಪ್ಪಲಿನ ಊರಾದ ಫೋರ್ಟ್ ಡೇವಿಸ್‌ನಲ್ಲಿ ವರ್ಷಕ್ಕೆ ಸುಮಾರು 40 ಸೆಂಟಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜುಲೈಯಿಂದ ಸೆಪ್ಟೆಂಬರಿನವರೆಗಿನ ಗುಡುಗುಮಳೆಯಿಂದ ಬರುವುದು. ಕೆಳಗಿನ ಬಯಲಿಗೆ ಅಷ್ಟೂ ಇಲ್ಲ. ಈ ಅಲ್ಪ ಅಂತರವೇ ಓಕ್, ಜುನಿಪರ್, ಪೈನ್ ಮರಗಳಿಗೆ ಜೀವ ಕೊಟ್ಟಿದೆ. ಕಡಲಿನ ನಡುವೆ ದ್ವೀಪವಿರುವಂತೆ ಒಣನೆಲದ ನಡುವೆ ಇಂಥ ಬೆಟ್ಟಗಳು ಹಸುರಾಗಿ ನಿಲ್ಲುವುದರಿಂದ ವಿಜ್ಞಾನಿಗಳು ಇವನ್ನು ‘ಆಕಾಶದ್ವೀಪ’ಗಳೆಂದು ಕರೆಯುತ್ತಾರೆ.

ದ್ವೀಪದ ನಿವಾಸಿಗಳು ಬಯಲಿಗೆ ಇಳಿದು ಬಾಳಲಾರರು. ಮಾಂಟೆಜುಮಾ ಎಂಬ ಬುರ್ಲಿ ಹಕ್ಕಿಯನ್ನೇ ನೋಡಬಹುದು. ಓಕ್ ಮರಗಳ ಕೆಳಗಿನ ಹುಲ್ಲಿನಲ್ಲಿ ಅಡಗಿರುವ ಈ ಹಕ್ಕಿ ತನ್ನ ಉದ್ದವಾದ ಉಗುರುಗಳಿಂದ ನೆಲವನ್ನು ಕೆದಕಿ ಗೆಡ್ಡೆಗಳನ್ನು ತಿನ್ನುತ್ತದೆ. ಹುಲ್ಲು ಹೋದರೆ ಅದಕ್ಕೆ ಮರೆಯಿಲ್ಲ, ಮರೆಯಿಲ್ಲದಿದ್ದರೆ ಬದುಕಿಲ್ಲ. ಉದ್ದ ಕಿವಿಯ ಜಿಂಕೆಗಳೂ ಹಂದಿಯನ್ನು ಹೋಲುವ ಹಾವೆಲೀನಾ ಎಂಬ ಪ್ರಾಣಿಗಳೂ ಇಲ್ಲಿವೆ.

ಮನುಷ್ಯನಿಗೂ ಈ ತಾಣ ಹಳೆಯದು. ಅಪಾಚಿ ಜನರು ಈ ಬೆಟ್ಟಗಳಲ್ಲಿ ಸಂಚರಿಸುತ್ತಿದ್ದರು. 1854ರಲ್ಲಿ ಸ್ಯಾನ್ ಆಂಟೋನಿಯೋ ಮತ್ತು ಎಲ್ ಪಾಸೋ ನಗರಗಳ ನಡುವಣ ದಾರಿಯನ್ನು ಕಾಯಲು ಅಮೆರಿಕದ ಸೈನ್ಯವು ಇಲ್ಲಿ ಠಾಣ್ಯವನ್ನು ಕಟ್ಟಿತು. ಆ ಕಾಲದ ಯುದ್ಧಮಂತ್ರಿ ಜೆಫರ್‌ಸನ್ ಡೇವಿಸ್‌ನ ಹೆಸರು ಠಾಣ್ಯಕ್ಕೂ, ಅಲ್ಲಿಂದ ಬೆಟ್ಟಗಳಿಗೂ ಬಂದಿತು. ಉದ್ಯಾನದಿಂದ ಆ ಹಳೆಯ ಠಾಣ್ಯಕ್ಕೆ ಇಂದು ಕಾಲುದಾರಿಯಿದೆ.

ಉದ್ಯಾನದ ಕಥೆ ಇನ್ನೂ ಸ್ವಾರಸ್ಯವಾದುದು. 1930ರ ಸುಮಾರಿನಲ್ಲಿ ಅಮೆರಿಕದಲ್ಲಿ ಭಾರಿ ಆರ್ಥಿಕ ಕುಸಿತ ಉಂಟಾಗಿ ಲಕ್ಷಾಂತರ ಜನರು ಕೆಲಸ ಕಳೆದುಕೊಂಡರು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರು ನಿರುದ್ಯೋಗಿ ಯುವಕರಿಗಾಗಿ ಒಂದು ದಳವನ್ನು ಸ್ಥಾಪಿಸಿದರು. ಕಾಡು ಬೆಳೆಸುವುದು, ರಸ್ತೆ ಕಟ್ಟುವುದು, ಉದ್ಯಾನಗಳನ್ನು ರೂಪಿಸುವುದು ಅದರ ಕೆಲಸ. ತಿಂಗಳ ಸಂಬಳ 30 ಡಾಲರ್. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಆ ಯುವಕರ ಒಂದು ತಂಡ ಈ ಬೆಟ್ಟಗಳಿಗೆ ಬಂದಿತು. ಸ್ಥಳದ ಮಣ್ಣನ್ನೇ ಕಲಸಿ, ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗಳಿಂದ ಅವರು ‘ಇಂಡಿಯನ್ ಲಾಡ್ಜ್’ ಎಂಬ ವಸತಿಗೃಹವನ್ನು ಕಟ್ಟಿದರು. ಸುಮಾರು ಒಂದೂವರೆ ಅಡಿ ದಪ್ಪದ ಅದರ ಗೋಡೆಗಳು ಹಗಲಿನ ಸೆಕೆಯನ್ನು ಒಳಕ್ಕೆ ಬಿಡುವುದಿಲ್ಲ, ಇರುಳಿನ ಚಳಿಯನ್ನೂ ತಡೆಯುತ್ತವೆ. ಆ ಪ್ರದೇಶದ ಮೂಲನಿವಾಸಿಗಳು ಬಹುಕಾಲದಿಂದ ಬಲ್ಲ ವಿದ್ಯೆ ಇದು. ಹಸಿದ ಮನೆಗಳಿಗೆ ಹಣ ಕಳುಹಿಸುತ್ತಿದ್ದ ಆ ಕೈಗಳು ಕಟ್ಟಿದ ಗೃಹದಲ್ಲಿ ಇಂದಿಗೂ ಅತಿಥಿಗಳು ತಂಗುತ್ತಾರೆ.

ಆದರೆ ಹೆಚ್ಚಿನವರು ಆರಿಸಿಕೊಳ್ಳುವುದು ಗುಡಾರವನ್ನು. ಗುಡಾರದಲ್ಲಿ ತಂಗುವವರಿಗೆ ಈ ನೆಲ ಕೆಲವು ಪಾಠಗಳನ್ನು ಕಲಿಸುತ್ತದೆ. ಮೊದಲನೆಯದು ನೀರಿನ ಪಾಠ. ಒಣಗಾಳಿಯಲ್ಲಿ ಬೆವರು ಹರಿಯುವ ಮೊದಲೇ ಆವಿಯಾಗಿ ಹೋಗುತ್ತದೆ. ಆದ್ದರಿಂದ ದೇಹ ಎಷ್ಟು ನೀರನ್ನು ಕಳೆದುಕೊಂಡಿತೆಂಬುದು ನಡೆಯುವವನಿಗೆ ತಿಳಿಯುವುದೇ ಇಲ್ಲ. ಬಾಯಾರಿದ ಮೇಲೆ ಕುಡಿಯುತ್ತೇನೆಂದು ಕಾಯುವುದು ಅಪಾಯಕರ. ದೂರದ ಕಾಲುದಾರಿ ಹಿಡಿಯುವವರು ತಮ್ಮ ನೀರನ್ನು ತಾವೇ ಹೊತ್ತು ನಡೆಯಬೇಕು.

ಎರಡನೆಯದು ಹಳ್ಳದ ಪಾಠ. ಉದ್ಯಾನದ ಕಣಿವೆಯಲ್ಲಿರುವ ಹಳ್ಳ ವರ್ಷದ ಬಹುಕಾಲ ಬರಿದಾಗಿರುತ್ತದೆ. ಒಣಗಿದ ಹಳ್ಳದ ಮಟ್ಟಸವಾದ ನೆಲ ಗುಡಾರಕ್ಕೆ ಹೇಳಿಮಾಡಿಸಿದಂತೆ ಕಾಣುವುದು ಸಹಜ. ಆದರೆ ಕಲ್ಲುನೆಲ ನೀರನ್ನು ಬೇಗ ಹೀರುವುದಿಲ್ಲ. ಮೇಲೆಲ್ಲೋ ಗುಡುಗುಮಳೆ ಸುರಿದರೆ, ಇಲ್ಲಿ ಒಂದು ಹನಿಯೂ ಬೀಳದಿದ್ದರೂ ಪ್ರವಾಹ ನುಗ್ಗಬಹುದು. ಅದಕ್ಕಾಗಿಯೇ ಗೊತ್ತುಮಾಡಿದ ಜಾಗದಲ್ಲಿಯೇ ಗುಡಾರ ಹೂಡಬೇಕೆಂಬ ನಿಯಮವನ್ನು ಪಾಲಿಸುವುದು ಕ್ಷೇಮಕರ.

ಮೂರನೆಯದು ಬೆಂಕಿಯ ಪಾಠ. 2011ರಲ್ಲಿ ಟೆಕ್ಸಸ್ ಘೋರ ಬರಗಾಲವನ್ನು ಅನುಭವಿಸಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಈ ಸೀಮೆಯಲ್ಲಿ ಹತ್ತಿದ ಬೆಂಕಿ ಬಿರುಗಾಳಿಯ ನೆರವಿನಿಂದ ಹಬ್ಬಿ ಮೂರು ಲಕ್ಷ ಎಕರೆಗಳಿಗೂ ಹೆಚ್ಚು ನೆಲವನ್ನು ಸುಟ್ಟಿತು. ಫೋರ್ಟ್ ಡೇವಿಸ್‌ನ ಮನೆಗಳೂ ಅದಕ್ಕೆ ಆಹುತಿಯಾದುವು. ಒಣಹುಲ್ಲು ಮತ್ತು ಗಾಳಿ ಕೂಡಿದಾಗ ಒಂದು ಕಿಡಿ ಏನು ಮಾಡಬಲ್ಲುದೆಂಬುದಕ್ಕೆ ಇದೇ ಸಾಕ್ಷಿ. ಆದುದರಿಂದ ಒಣಗಾಲದಲ್ಲಿ ನಿಷೇಧ ಜಾರಿಯಾದರೆ ಶಿಬಿರದಲ್ಲಿ ಸೌದೆ ಉರಿಸುವಂತಿಲ್ಲ. ಬಿದ್ದ ಕಟ್ಟಿಗೆಯನ್ನು ಆಯುವುದಕ್ಕಂತೂ ಎಂದಿಗೂ ಅನುಮತಿಯಿಲ್ಲ. ಅದು ಹುಳುಹುಪ್ಪಟೆಗಳ ಮನೆ, ಕೊಳೆತ ಮೇಲೆ ಮಣ್ಣಿಗೆ ಗೊಬ್ಬರ.

ಸೂರ್ಯ ಮುಳುಗಿದೊಡನೆ ಚಳಿ ಇಳಿಯುತ್ತದೆ. ಗಾಳಿಯಲ್ಲಿ ತೇವವಿಲ್ಲದ್ದರಿಂದ ನೆಲ ಹಗಲಿನಲ್ಲಿ ಗಳಿಸಿದ ಕಾವನ್ನು ಬೇಗನೆ ಕಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ಬಂದವರೂ ಬೆಚ್ಚನೆಯ ಹೊದಿಕೆಯನ್ನು ಮರೆಯಬಾರದು. ಆದರೆ ಅದೇ ಒಣಗಾಳಿ ಮತ್ತೊಂದು ಸಂಪತ್ತನ್ನು ನೀಡುತ್ತದೆ. ಅದು ನಕ್ಷತ್ರಗಳು. ನಗರದ ದೀಪಗಳಲ್ಲಿ ಕಳೆದುಹೋಗುವ ಕ್ಷೀರಪಥ ಇಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಬೆಳ್ಳಗೆ ಹಾಸಿಕೊಂಡಿರುತ್ತದೆ. ಈ ಕತ್ತಲೆಯನ್ನು ಅರಸಿಯೇ ಸಮೀಪದ ಲಾಕ್ ಶಿಖರದ ಮೇಲೆ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯವನ್ನು ಕಟ್ಟಿದರು. 1939ರಲ್ಲಿ ಅಲ್ಲಿ ಉದ್ಘಾಟನೆಗೊಂಡ 82 ಅಂಗುಲದ ದೂರದರ್ಶಕ ಆಗ ಜಗತ್ತಿನಲ್ಲಿಯೇ ಎರಡನೆಯ ದೊಡ್ಡದು. ಅದರ ಮೊದಲ ನಿರ್ದೇಶಕ ಆಟೋ ಸ್ಟ್ರೂವ್. 1937ರಲ್ಲಿ ಭಾರತದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರನ್ನು ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಕರೆತಂದವರೂ ಇವರೇ.

ದೂರದರ್ಶಕವೆಷ್ಟು ದೊಡ್ಡದಾದರೇನು, ಆಕಾಶ ಬೆಳಗಿದರೆ ಅದು ಕುರುಡಾಗುತ್ತದೆ. ಆದ್ದರಿಂದ ಸುತ್ತಣ ಊರುಗಳು ದೀಪಗಳಿಗೆ ಮರೆ ಕಟ್ಟಿ, ಬೆಳಕು ನೆಲದ ಕಡೆಗೆ ಮಾತ್ರ ಬೀಳುವಂತೆ ಮಾಡುತ್ತಿವೆ. 2022ರಲ್ಲಿ ಟೆಕ್ಸಸ್ ಮತ್ತು ಮೆಕ್ಸಿಕೋಗಳ 15,000 ಚದರ ಮೈಲಿಗೂ ಮಿಗಿಲಾದ ಪ್ರದೇಶವನ್ನು ಅಂತರರಾಷ್ಟ್ರೀಯ ಕತ್ತಲ ಆಕಾಶದ ರಕ್ಷಿತ ವಲಯವೆಂದು ಸಾರಲಾಯಿತು. ಕಾಡನ್ನು, ನೀರನ್ನು ಕಾಯುವಂತೆ ಕತ್ತಲೆಯನ್ನೂ ಕಾಯಬೇಕಾದ ಕಾಲ ಬಂದಿದೆ.

ಬೆಳಗಾದಾಗ ಶಿಬಿರಾರ್ಥಿಗಳು ಗುಡಾರವನ್ನು ಮಡಚುತ್ತಾರೆ. ಒಲೆಯ ಬೂದಿಗೆ ನೀರು ಹೊಯ್ದು, ಕೈಯಿಂದ ಮುಟ್ಟಿ, ಕಾವು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಕಸವನ್ನೆಲ್ಲ ಒಟ್ಟುಗೂಡಿಸಿ ತೆಗೆದುಕೊಂಡು ಹೋಗುತ್ತಾರೆ. ಅವರು ಹೋದ ಮೇಲೆ ಬುರ್ಲಿ ಹಕ್ಕಿ ಮತ್ತೆ ಅದೇ ಹುಲ್ಲಿಗೆ ಬಂದು ನೆಲ ಕೆದಕತೊಡಗಿದರೆ, ಅತಿಥಿಗಳು ಅತಿಥಿಧರ್ಮವನ್ನು ಪಾಲಿಸಿದರೆಂದೇ ಅರ್ಥ.