ಹುಂಜದ ಕಾಲಿನ ಮುಳ್ಳು

ಅಮರಸಿಂಹನು ತನ್ನ ಕೋಶದಲ್ಲಿ ಹುಂಜಕ್ಕೆ ಹೇಳಿರುವ ಹೆಸರುಗಳಲ್ಲಿ ‘ಚರಣಾಯುಧ’ ಎಂಬುದೂ ಒಂದು. ಕಾಲನ್ನೇ ಆಯುಧವಾಗಿ ಉಳ್ಳದ್ದು ಎಂದು ಇದರ ಅರ್ಥ. ಈ ಹೆಸರು ಎಷ್ಟು ಅನ್ವರ್ಥವಾದುದೆಂಬುದನ್ನು ಕೋಳಿ ಸಾಕಿದ ಗೃಹಸ್ಥರು ಚೆನ್ನಾಗಿ ಬಲ್ಲರು.

ನಮ್ಮ ದೊಮ್ಮಲೂರು ಪಟ್ಟಣದೊಳಗೆ ಸೇರಿಹೋಗಿದ್ದರೂ ಹಿತ್ತಲಲ್ಲಿ ನಾಲ್ಕು ನಾಟಿಕೋಳಿಗಳನ್ನು ಸಾಕುವ ವಾಡಿಕೆಯು ಅಲ್ಲಲ್ಲಿ ಉಳಿದಿರುವುದು. ಇಲ್ಲಿಯ ಗೃಹಸ್ಥರೊಬ್ಬರು, ತಮ್ಮ ಹುಂಜವು ಮೊಮ್ಮಗಳ ಕೆನ್ನೆಯನ್ನು ಗೀರಿತೆಂದೂ, ಗಾಯವು ಕಣ್ಣಿಗೆ ಎರಡೇ ಅಂಗುಲ ಕೆಳಗಾಯಿತೆಂದೂ, ಆದುದರಿಂದ ಮುಳ್ಳನ್ನು ಬುಡಮಟ್ಟ ಕೊಯ್ದುಬಿಡುವೆನೆಂದೂ ನಮ್ಮೊಡನೆ ಹೇಳಿದರು. ಅವರ ಭಯವು ನ್ಯಾಯವಾದುದೇ. ಉಪಾಯವು ಮಾತ್ರ ತಕ್ಕುದಲ್ಲ. ಅದರ ಕಾರಣವನ್ನು ವಾಚಕರೆಲ್ಲರೂ ಅರಿತಿರುವುದೊಳ್ಳೆಯದು.

ಮುಳ್ಳಿನ ಹೊರಕವಚವು ನಮ್ಮ ಉಗುರಿನ ಜಾತಿಯದು, ಅದಕ್ಕೆ ನೋವಿಲ್ಲ. ಆದರೆ ಅದರೊಳಗೆ ಕಾಲಿನ ಎಲುಬಿಗೇ ಕೂಡಿಕೊಂಡ ಒಂದು ಎಲುಬಿನ ತಿರುಳುಂಟು. ಅದರಲ್ಲಿ ರಕ್ತವೂ ಇದೆ, ನೋವೂ ಇದೆ. ಎತ್ತಿನ ಕೊಂಬಿನ ರಚನೆಯೂ ಹೀಗೆಯೇ. ಕೊಂಬು ಹೆರೆಯುವವನು ಮೇಲ್ಮೈಯನ್ನು ಹೆರೆಯುವನಲ್ಲದೆ ಬುಡವನ್ನು ಕೊಯ್ಯನಷ್ಟೆ! ಇಲ್ಲಿಯೂ ಅದೇ ನ್ಯಾಯ.

ಮರಿಯ ಕಾಲಿನಲ್ಲಿ ಮುಳ್ಳು ಸಣ್ಣ ಗಂಟಿನಂತೆ ಮಾತ್ರ ಇರುವುದು. ವಯಸ್ಸು ಹೆಚ್ಚಿದಂತೆ ಉದ್ದವಾಗಿ ಮೊನೆಗೊಳ್ಳುವುದು. ಕೆಲವು ಹೇಂಟೆಗಳಿಗೂ ಇದು ಬೆಳೆಯುವುದುಂಟು. ಹಗೆಯನ್ನು ಎದುರಿಸಲು ಹುಂಜಕ್ಕೆ ಇದು ಬೇಕು. ಆದರೆ ಅತಿಯಾಗಿ ಬೆಳೆದರೆ ಹೇಂಟೆಗಳ ಬೆನ್ನು ಹರಿಯುವುದು. ಬಾಗಿದರೆ ಹುಂಜದ ಕಾಲಿಗೇ ಚುಚ್ಚುವುದು.

ಪರಿಹಾರವು ಸುಲಭ. ಕತ್ತಲಾದ ಮೇಲೆ ಕೋಳಿಗಳು ಶಾಂತವಾಗಿರುವುವು. ಆಗ ಒಬ್ಬರು ಹುಂಜವನ್ನು ಹಳೆಯ ಬಟ್ಟೆಯಲ್ಲಿ ರೆಕ್ಕೆಸಹಿತ ಸುತ್ತಿ, ಉಸಿರಿಗೆ ಅಡ್ಡಿಯಾಗದಂತೆ ಕಣ್ಣು ಮುಚ್ಚಿ ಹಿಡಿಯತಕ್ಕದ್ದು. ಇನ್ನೊಬ್ಬರು ಸಣ್ಣ ಅರದಿಂದ ತುದಿಯನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಉಜ್ಜಿ ದುಂಡಗೆ ಮಾಡತಕ್ಕದ್ದು. ಮತ್ತೆ ಮೊನೆ ಬಂದಾಗ ಮತ್ತೆ ಉಜ್ಜಿದರಾಯಿತು. ಅಕಸ್ಮಾತ್ ರಕ್ತ ಬಂದರೆ ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿದು ನಿಲ್ಲಿಸಬೇಕು. ರಕ್ತ ಕಂಡರೆ ಉಳಿದ ಕೋಳಿಗಳು ಕುಕ್ಕುವುವಾದುದರಿಂದ, ಗಾಯ ಒಣಗುವವರೆಗೆ ಹುಂಜವನ್ನು ಬೇರೆಯಾಗಿರಿಸಬೇಕು. ಕವಚವನ್ನು ತಿರುಚಿ ಕಿತ್ತುಹಾಕುವವರೂ ಉಂಟು. ಹಸಿಯ ತಿರುಳು ಬಯಲಾಗಿ ಪಕ್ಷಿಗೆ ಬಹಳ ಯಾತನೆಯಾಗುವುದರಿಂದ ಅದು ಬೇಡ. ಮುಳ್ಳು ಕಾಲಿನ ಮಾಂಸವನ್ನು ಹೊಕ್ಕಿದ್ದರೆ ಪಶುವೈದ್ಯರಲ್ಲಿಗೇ ಒಯ್ಯಬೇಕು. ನಮ್ಮ ಪಟ್ಟಣದ ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜಿರುವುದು.

ಮುಳ್ಳು ಮೊಂಡಾದರೂ ಹುಂಜದ ಸ್ವಭಾವವು ಮೊಂಡಾಗದು. ಇಕ್ಕಟ್ಟಾದ ಹಿತ್ತಲಲ್ಲಿ ಎರಡು ಹುಂಜಗಳನ್ನಿಡಬಾರದು. ಎಂಟು ಹತ್ತು ಹೇಂಟೆಗಳಿಗೆ ಒಂದು ಸಾಕು. ಚಿಕ್ಕ ಮಕ್ಕಳನ್ನು ಅದರ ಬಳಿ ಒಂಟಿಯಾಗಿ ಬಿಡಬಾರದು. ಯಾರಿಗಾದರೂ ಮುಳ್ಳು ಚುಚ್ಚಿದರೆ ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಬೇಕು. ಕಣ್ಣಿಗೆ ತಗುಲಿದರೆ ಕ್ಷಣವೂ ತಡಮಾಡದೆ ಅವರಲ್ಲಿಗೆ ಹೋಗಬೇಕು. ತಿಂಗಳಿಗೊಮ್ಮೆ, ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವಾಗ, ಹುಂಜದ ಕಾಲನ್ನೂ ನೋಡುವ ಅಭ್ಯಾಸವಿಟ್ಟುಕೊಂಡರೆ ಮಕ್ಕಳಿಗೂ ಕ್ಷೇಮ, ಪಕ್ಷಿಗೂ ಕ್ಷೇಮ.