ಮಾಳಿಗೆ ಮನೆಯ ದುರಸ್ತಿ

ಗೊಬ್ಬೂರ ಸೇರಿದಂತೆ ಕಲಬುರಗಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ, ಅಂದರೆ ತೊಲೆ-ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಟ್ಟಸ ಚಾವಣಿಯ ಮನೆಗಳಲ್ಲಿ, ಮನೆಯವರೇ ಮಾಡಿಕೊಳ್ಳಬಹುದಾದ ಮೊದಲ ಕೆಲಸ ಮಾಳಿಗೆಯದೇ: ಮಳೆಗಾಲಕ್ಕೆ ಮುನ್ನ ಹುಲ್ಲನ್ನು ಬೇರುಸಹಿತ ಕಿತ್ತು, ನೀರು ತಗುಲಿದಾಗ ಕಣಗಳು ಚದುರಿ ಸಂದುಗಳನ್ನು ಮುಚ್ಚುವ ಸವುಳು ಮಣ್ಣನ್ನು ಹರಡಿ, ನೀರು ಹೊರಚೆಲ್ಲುವ ಹರನಾಳಿಗೆಯತ್ತ ಇಳಿಜಾರು ಕೊಡಬೇಕು. ಗೋಡೆಯ ವಿಷಯದಲ್ಲಿ ಆತುರವೇ ಹೆಚ್ಚು ಹಾನಿ ಮಾಡುತ್ತದೆ. ಕಲ್ಲು-ಮಣ್ಣಿನ ಗೋಡೆ ಹೀರಿದ ತೇವ ಆವಿಯಾಗಿ ಹೊರಹೋಗಬೇಕಾದುದರಿಂದ, ಅದರ ಮೇಲೆ ಬಳಿದ ಸಿಮೆಂಟ್ ಗಿಲಾವು ತೇವವನ್ನು ಒಳಗೇ ತಡೆದು ಕ್ರಮೇಣ ಹಕ್ಕಳೆಯಾಗಿ ಉದುರುತ್ತದೆ. ಸುಣ್ಣದ ಗಾರೆಯೇ ಲೇಸು. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಗೋಡೆಯಲ್ಲಿ ಮೂಡುವ ಬಿರುಕನ್ನು ಮುಚ್ಚುವ ಮೊದಲು, ಒಂದು ವರ್ಷ ಅದರ ಅಗಲವನ್ನು ಗುರುತು ಹಾಕುತ್ತ ಗಮನಿಸುವುದು ಒಳಿತು. ಗೆದ್ದಲು ತಿಂದ ತೊಲೆ ಮಾತ್ರ ಬಡಿಗರ ಕೆಲಸ, ಏಕೆಂದರೆ ಮೇಲಿರುವ ಮಣ್ಣಿನ ಭಾರ ಟನ್ನುಗಳ ಲೆಕ್ಕದ್ದು.